ಬೆರಳು ನಿಲ್ಲದ ನಾಲ್ಕು ಸಾಲು

ತಂಗಿಯ ಮನೆಯ ಜಗಲಿಯಲ್ಲಿ ತೂಗುಹಾಕಿದ್ದ ಕ್ಯಾಲೆಂಡರಿನ ಹಿಂದೆ ಒಂದು ಕರಪತ್ರ ಮಡಚಿಟ್ಟಿತ್ತು. ನಾನು ತಾರೀಖು ನೋಡಲು ಹಾಳೆ ಎತ್ತಿದಾಗ ಅದು ಜಾರಿ ಕೆಳಗೆ ಬಿತ್ತು. ಬಿಡಿಸಿ ಗಟ್ಟಿಯಾಗಿ ಓದತೊಡಗಿದೆ:

‘ಸಾರ್ವಜನಿಕರು ಅರಣ್ಯ ಪ್ರದೇಶವನ್ನು ಪ್ರವೇಶಿಸುವ ಪೂರ್ವದಲ್ಲಿ ಶರೀರದ ಅನಾವೃತ ಭಾಗಗಳಿಗೆ ಉಣ್ಣೆ ನಿರೋಧಕ ತೈಲವನ್ನು ಲೇಪಿಸಿಕೊಳ್ಳತಕ್ಕದ್ದಲ್ಲದೆ, ಮೃತ ವಾನರಗಳು ಕಂಡುಬಂದ ಸ್ಥಳಗಳಿಂದ ಶುಷ್ಕ ಪರ್ಣಗಳನ್ನು ಸಂಗ್ರಹಿಸುವುದನ್ನು...’

ಅಷ್ಟು ಹೊತ್ತಿಗೆ ನನಗೆ ಕೆಮ್ಮು ಬಂತು. ವಾಕ್ಯ ಇನ್ನೂ ಅರ್ಧದಾರಿಯಲ್ಲಿತ್ತು. ಫುಲ್ ಸ್ಟಾಪ್ ಎಲ್ಲಿದೆ ಎಂದು ಹುಡುಕಿದೆ. ಪುಟದ ಕೊನೆಯಲ್ಲಿ, ಅಚ್ಚಿನ ಮಸಿ ಕಲಸಿಹೋದ ಕಡೆ, ಚುಕ್ಕೆಯಂಥದ್ದು ಏನೋ ಇತ್ತು.

“ಇದ್ನ ಓದಿದ್ಯನೇ?” ಎಂದು ತಂಗಿಯನ್ನು ಕೇಳಿದೆ.

ಅವಳು ಅಂಗಳದಲ್ಲಿ ಹೆಡಿಗೆ ಕೊಡವುತ್ತಿದ್ದಳು. ಈಗಷ್ಟೇ ಬೆಟ್ಟದಿಂದ ದರಕು ಹೊತ್ತು ತಂದಿದ್ದಳು. ದರಕು ಅಂದರೆ ಮರದಿಂದ ಉದುರಿ ಒಣಗಿದ ಎಲೆ. ಚಳಿಗಾಲ ಬಂತೆಂದರೆ ನಮ್ಮ ಕಡೆಯ ಹೆಂಗಸರು ಅದನ್ನು ಗುಡಿಸಿ, ಹೆಡಿಗೆಯಲ್ಲಿ ತುಳಿದು ತುಂಬಿ, ತಲೆಯ ಮೇಲೆ ಹೊತ್ತು ಕೊಟ್ಟಿಗೆಗೆ ತರುತ್ತಾರೆ. ಅವಳ ಕೂದಲಲ್ಲಿ ಇನ್ನೂ ಒಂದೆರಡು ಎಲೆ ಸಿಕ್ಕಿಕೊಂಡಿದ್ದವು.

“ಅದು ಯಂಗಕ್ಕೆ ಅಲ್ದೇ ಅಕ್ಕಾ,” ಅಂದಳು. “ಸಾರ್ವಜನಿಕರು ಹೇಳಿ ಬರದ್ದು ನೋಡು. ಪೇಟೆಯವ್ಕೆ ಅದು.”

“ಅರಣ್ಯಕ್ಕೆ ಹೋಪವ್ಕೆ ಹೇಳಿ ಇದ್ದು.”

“ಅರಣ್ಯಕ್ಕೆ ಯಾರು ಹೋಗ್ತ? ಆನು ಬೆಟ್ಟಕ್ಕೆ ಹೋಗ್ತೆ.”

ನನಗೆ ನಗು ಬಂತು. ನಗುತ್ತಲೇ ಕರಪತ್ರವನ್ನು ಮತ್ತೆ ಮಡಚಿದೆ. ಅವಳು ಹೇಳಿದ್ದು ತಪ್ಪೇನಲ್ಲ. ಅರಣ್ಯ ಇಲಾಖೆಯದ್ದು, ಬೆಟ್ಟ ನಮ್ಮದು. ಸೊಪ್ಪು, ದರಕು ಎಂದು ಅಜ್ಜ ಮುತ್ತಜ್ಜನ ಕಾಲದಿಂದ ಮನೆಯ ಹಿತ್ತಿಲಿನಂತೆ ಓಡಾಡಿದ ಜಾಗಕ್ಕೆ ಯಾರೂ ಅರಣ್ಯ ಅನ್ನುವುದಿಲ್ಲ. ಹಿಂದಿನ ವರ್ಷ ಪಕ್ಕದ ಮನೆಯ ಹೆಂಗಸು ಮಂಗನ ಕಾಯಿಲೆಯಲ್ಲಿ ತೀರಿಹೋದಳು. ತಂಗಿಯ ಜೊತೆ ದಿನಾ ಬೆಟ್ಟಕ್ಕೆ ಹೋಗುತ್ತಿದ್ದವಳು. ಅವಳ ಮನೆಯಲ್ಲೂ ಇದೇ ಕರಪತ್ರ ಇತ್ತು. ಅವಳಿಗೆ ಓದಲು ಬರುತ್ತಿತ್ತು. ಏಳನೇ ಇಯತ್ತೆ ಪಾಸಾದವಳು, ವಾರಪತ್ರಿಕೆಯ ಧಾರಾವಾಹಿ ಬಿಡದೆ ಓದುವವಳು. ಅವಳೂ ಅರಣ್ಯಕ್ಕೆ ಹೋಗಿರಲಿಲ್ಲ. ಬೆಟ್ಟಕ್ಕೆ ಹೋಗಿದ್ದಳು.

ನಾನಿರುವುದು ಸಿದ್ದಾಪುರ ಪೇಟೆಯಲ್ಲಿ. ತಂಗಿಯದು ಮನ್ಮನೆಯಿಂದಲೂ ಆಚೆ, ಆಟೋ ಇಳಿದು ಸ್ವಲ್ಪ ನಡೆಯಬೇಕಾದ ನಾಲ್ಕಾರು ಮನೆಗಳ ಕೇರಿ. ನಾವಿಬ್ಬರು ಬೇರೆ ಬೇರೆ ಮನೆಗಳಲ್ಲಿ ಬೆಳೆದವರು. ಅಪ್ಪನಿಗೆ ಧಾರವಾಡಕ್ಕೆ ವರ್ಗವಾದಾಗ ಹಿರಿಯವಳಾದ ನನ್ನನ್ನು ಕರೆದುಕೊಂಡು ಹೋಗಿ ಕಾನ್ವೆಂಟಿಗೆ ಸೇರಿಸಿದ. ಕೈಗೂಸಾಗಿದ್ದ ಅವಳನ್ನು ಅಜ್ಜಿ ಬಿಟ್ಟುಕೊಡಲಿಲ್ಲ. ನಾನು ಬಿಳಿ ಸಾಕ್ಸ್ ಹಾಕಿಕೊಂಡು ‘ಗುಡ್ ಮಾರ್ನಿಂಗ್ ಸಿಸ್ಟರ್’ ಎಂದು ರಾಗವಾಗಿ ಹೇಳುತ್ತಿದ್ದ ದಿನಗಳಲ್ಲಿ ಅವಳು ಕರುವಿನ ಹಿಂದೆ ಓಡುತ್ತಿದ್ದಳು. ರಜೆಯಲ್ಲಿ ಬಂದರೆ ಅವಳಿಗೆ ನನ್ನ ರಿಬ್ಬನ್ ಬೇಕು, ನನಗೆ ಅವಳ ಕರು ಬೇಕು. ಅಷ್ಟು ವರ್ಷಗಳ ಮೇಲೂ ನಮ್ಮಿಬ್ಬರ ಮಾತು ಆ ರಿಬ್ಬನ್ನು ಆ ಕರುವಿನ ಜಗಳದ ಧಾಟಿಯಲ್ಲೇ ಇರುತ್ತಿತ್ತು. ನಾನು ಶಿರಸಿಯಲ್ಲಿ ಹೈಸ್ಕೂಲಿನ ಇಂಗ್ಲಿಷ್ ಅಕ್ಕೋರಾಗಿ ರಿಟೈರ್ ಆದೆ. ಅವಳು ಗಂಡ ಹೋದ ಮೇಲೂ ಬೆಟ್ಟ, ಕೊಟ್ಟಿಗೆ ಬಿಟ್ಟವಳಲ್ಲ. ಬಿಡು ಅಂದರೆ, “ನಿನ್ನ ಹಾಂಗೆ ಕುರ್ಚಿ ಮೇಲೆ ಕೂತ್ಕಂಡು ಬೂಸ್ಟ್ ಕುಡಿಯವನೇ?” ಅನ್ನುತ್ತಿದ್ದಳು.

ಅವಳನ್ನು ಬೆಟ್ಟದಿಂದ ತಡೆಯಲು ಸಾಧ್ಯವಿರಲಿಲ್ಲ. ಹಾಗಾದರೆ ಅವಳು ಓದಿದ ಕೂಡಲೇ ತಿಳಿಯುವಂಥ, ಇದು ತನಗೇ ಹೇಳಿದ್ದು ಅನ್ನಿಸುವಂಥ ಒಂದು ಕಾಗದವನ್ನಾದರೂ ಬರೆಯಬೇಕು ಎಂದುಕೊಂಡೆ. ಬಾಯಲ್ಲಿ ಹೇಳಿದರೆ ಸಾಲದೇ ಅಂತ ಕೇಳಬಹುದು. ಹೇಳಿದ್ದೆ. ನಾನು ಹೇಳಿದ್ದೆಲ್ಲ ಅವಳಿಗೆ ಅಕ್ಕನ ಕಿರಿಕಿರಿ. ಅಚ್ಚಾದ ಅಕ್ಷರಕ್ಕೆ ಅವಳಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇತ್ತು.

ಪರಿಚಯದ ಒಬ್ಬ ಡಾಕ್ಟರ್ ಹುಡುಗಿ ಇದ್ದಳು. ಅವಳ ಹತ್ತಿರ ಹೋಗಿ, ರೋಗದ ಬಗ್ಗೆ ಹೇಳಲೇಬೇಕಾದ್ದು ಏನು ಎಂದು ಕೇಳಿ ಬರೆದುಕೊಂಡೆ. ಅವಳಿಗೆ ನನ್ನ ಉತ್ಸಾಹ ಕಂಡು ಖುಷಿಯಾಯಿತು.

“ಮೇಡಂ, ಬರಹ ಓದಲು ಎಷ್ಟು ಸುಲಭ ಅಂತ ಅಳೆಯುವ ಲೆಕ್ಕ ಇದೆ ಗೊತ್ತಾ? ವಾಕ್ಯ ಎಷ್ಟು ಉದ್ದ, ಪದದಲ್ಲಿ ಎಷ್ಟು ಸಿಲಬಲ್ ಅಂತ ಎಣಿಸಿ ಸ್ಕೋರ್ ಕೊಡುತ್ತೆ. ಯಾವ ಕ್ಲಾಸಿನ ಮಕ್ಕಳಿಗೆ ಅರ್ಥ ಆಗುತ್ತೆ ಅಂತಾನೂ ಹೇಳುತ್ತೆ.”

ಅದು ಇಂಗ್ಲಿಷಿನದ್ದು. ಆದರೂ ಮನೆಗೆ ಬಂದು ಪೆನ್ಸಿಲ್ ಹಿಡಿದು ಕನ್ನಡಕ್ಕೆ ಹಚ್ಚಿ ನೋಡಿದೆ. ನಮ್ಮ ಪದಗಳು ಒಂದರ ಬಾಲಕ್ಕೆ ಇನ್ನೊಂದು ಕಟ್ಟಿಕೊಂಡು ಹೋಗುವಂಥವು. ‘ಬಂದುಬಿಟ್ಟಿದ್ದಾಳಲ್ಲ’ ಅನ್ನುವುದು ಎರಡು ವರ್ಷದ ಮಗುವಿಗೂ ತಿಳಿಯುತ್ತದೆ. ಆ ಲೆಕ್ಕದ ಪ್ರಕಾರ ಅದು ಮಹಾ ಕಠಿಣ ಪದ. ನನ್ನ ಅಜ್ಜಿ ಕರುವಿಗೆ ಬೈಯುತ್ತಿದ್ದದ್ದನ್ನು ಬರೆದು ಎಣಿಸಿದೆ. ಕಾಲೇಜು ಕಲಿತವರಿಗೆ ಮಾತ್ರ ಅರ್ಥವಾಗುವಂಥದ್ದು ಎಂದು ಬಂತು. ಪಾಪ, ಆ ಕರು.

ಆಗ ನೆನಪಾದದ್ದು ಬೆರಳು. ಕಾನ್ವೆಂಟಿನಲ್ಲಿ ಓದುವಾಗ ಸಾಲಿನ ಕೆಳಗೆ ಬೆರಳಿಟ್ಟರೆ ಸಿಸ್ಟರ್ ಸ್ಕೇಲಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ‘ಟೇಕ್ ಯುವರ್ ಫಿಂಗರ್ ಆಫ್ ದಿ ಪೇಜ್, ಚೈಲ್ಡ್.’ ಬೆರಳಿಟ್ಟು ಓದುವುದು ಹಳ್ಳಿಯವರ ಲಕ್ಷಣ ಅಂತ. ತಂಗಿ ಬೆರಳಿಟ್ಟೇ ಓದುತ್ತಾಳೆ. ಅವಳ ಕೇರಿಯ ಎಲ್ಲ ಹೆಂಗಸರೂ ಹಾಗೆಯೇ. ಓದಲು ಸುಲಭವಾದ ಕಡೆ ಬೆರಳು ಹರಿದುಹೋಗುತ್ತದೆ. ತೊಡಕು ಬಂದ ಕಡೆ ನಿಲ್ಲುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ಹೊರಡುತ್ತದೆ. ನನಗೆ ಬೇಕಾದ ಅಳತೆಗೋಲು ಅವರ ಕೈಯಲ್ಲೇ ಇತ್ತು.

ಹೀಗೆ ಶುರುವಾಯಿತು. ನಾನು ಬರೆದುಕೊಂಡು ಹೋಗುವುದು, ಮಧ್ಯಾಹ್ನ ಬೆಟ್ಟದಿಂದ ಬಂದು ಚಾ ಕುಡಿಯುವ ಹೊತ್ತಿಗೆ ತಂಗಿಯ ಜಗಲಿಯಲ್ಲಿ ಹೆಂಗಸರ ಕೈಗೆ ಕೊಡುವುದು, ಬೆರಳು ನಿಂತ ಕಡೆ ನನ್ನ ಪ್ರತಿಯಲ್ಲಿ ಕೆಂಪು ಚುಕ್ಕೆ ಇಡುವುದು.

ಮೊದಲ ದಿನ ಎಲ್ಲರೂ ಓದಿದರು. ಹೇಗಿದೆ ಎಂದು ಕೇಳಿದೆ.

“ಚಂದ ಇದ್ದು ಅಕ್ಕಾ,” ಅಂದಳು ತಂಗಿ.

“ಭಾರೀ ಲಾಯ್ಕ್ ಬರ್ದೀರಿ ಅಕ್ಕೋರೇ,” ಅಂದಳು ಪಕ್ಕದ ಮನೆಯ ಸೊಸೆ. ತೀರಿಹೋದವಳ ಸೊಸೆ ಅವಳು.

“ತಿಳಿತಾ?”

“ತಿಳಿದೇ ಎಂತ! ಎಲ್ಲಾ ತಿಳಿತು.”

“ಹಾಂಗಾರೆ ಎಣ್ಣೆ ಯಾವಾಗ ಹಚ್ಚವು ಹೇಳು ನೋಡ್ವ.”

ತಂಗಿ ಚಾ ಲೋಟ ಎತ್ತಿಕೊಂಡಳು. “ಜ್ವರ ಬಂದ ಮೇಲಾಗಿಕ್ಕು,” ಅಂದಳು.

ಮನೆಗೆ ಬಂದ ಅಕ್ಕೋರು ಕಷ್ಟಪಟ್ಟು ಬರೆದುಕೊಂಡು ಬಂದಿದ್ದಾರೆ, ತಿಳಿಯಲಿಲ್ಲ ಅಂದರೆ ಅವರಿಗೆ ಬೇಜಾರಾಗುತ್ತದೆ. ಮದುವೆಯ ಕರೆಯೋಲೆಯನ್ನು ಹೊಗಳುವಂತೆ ನನ್ನ ಕಾಗದವನ್ನೂ ಹೊಗಳಿದ್ದರು. ಅಂದಿನಿಂದ ತಿಳಿಯಿತೇ ಎಂದು ಕೇಳುವುದನ್ನು ಬಿಟ್ಟೆ. ಬೆರಳನ್ನು ನೋಡಿದೆ, ಆಮೇಲೆ ಕಾಗದ ಕಸಿದುಕೊಂಡು, ನಾಳೆ ಬೆಳಿಗ್ಗೆ ಎದ್ದು ಏನು ಮಾಡುತ್ತೀರಿ ಎಂದು ಕೇಳಿದೆ.

‘ಉಣ್ಣೆ’ ಅನ್ನುವಲ್ಲಿ ಬೆರಳು ನಿಂತಿತು. “ಕಂಬಳಿ ಮಾಡ್ತ್ವಲೇ, ಅದಲ್ದಾ?” ಅಂದಳು ತಂಗಿ. ಅದನ್ನು ಹೊಡೆದು, ದನದ ಮೈಗೆ ಹತ್ತುವ, ಈ ಜ್ವರ ಹರಡುವ ಆ ಹುಳಕ್ಕೆ ನಾವು ಅನ್ನುವಂತೆ ‘ಉಣುಗು’ ಎಂದು ಬರೆದೆ. ಆಮೇಲೆ ಅದೂ ಬೇಡ ಅನ್ನಿಸಿತು; ಯಾವ ಹುಳ ಕಚ್ಚಿದರೇನು, ಮಾಡಬೇಕಾದ್ದು ಆಶಾ ಕಾರ್ಯಕರ್ತೆ ಹಂಚುವ ಎಣ್ಣೆ ಹಚ್ಚುವುದು. ‘ಅರಣ್ಯ’ ಹೋಗಿ ‘ಬೆಟ್ಟ’ ಬಂತು. ‘ತೈಲ’ ಹೋಯಿತು, ‘ಲೇಪನ’ ಹೋಯಿತು. ಒಂದು ವಾಕ್ಯದಲ್ಲಿ ಎರಡು ಕೆಲಸ ಹೇಳಿದರೆ ಎರಡನೆಯದು ಮರೆತುಹೋಗುತ್ತಿತ್ತು, ಒಡೆದೆ. ‘ಹಚ್ಚದೆ ಹೋಗಬಾರದು’ ಅಂದರೆ ಬೆರಳು ನಿಲ್ಲುತ್ತಿತ್ತು. ‘ಹಚ್ಚಿ’ ಅಂದರೆ ನಿಲ್ಲುತ್ತಿರಲಿಲ್ಲ. ಪ್ರತಿ ಸಲ ಹೊಡೆದುಹಾಕುವಾಗ ನನ್ನದೇ ಏನೋ ಒಂದನ್ನು ಕಳೆದುಕೊಂಡಂತೆ ಅನ್ನಿಸುತ್ತಿತ್ತು. ಐ ವಾಸ್ ಪ್ರೌಡ್ ಆಫ್ ಮೈ ಸೆಂಟೆನ್ಸಸ್, ಯು ಸೀ. ನನ್ನ ಉದ್ದುದ್ದ ವಾಕ್ಯಗಳನ್ನು ಸಿಸ್ಟರ್ ಕ್ಲಾಸಿಗೆ ಓದಿ ತೋರಿಸುತ್ತಿದ್ದರು.

ಕೊನೆಗೆ ಉಳಿದದ್ದು ಇಷ್ಟು:

ಬೆಟ್ಟಕ್ಕೆ ಹೋಗುವ ಮುಂಚೆ ಕೈಕಾಲಿಗೆ ಆಶಾ ಕೊಡುವ ಎಣ್ಣೆ ಹಚ್ಚಿ.
ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬಿಸಿನೀರಲ್ಲಿ ಹಾಕಿ.
ಮಂಗ ಸತ್ತ ಕಡೆಯಿಂದ ದರಕು ತರಬೇಡಿ.
ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಕೇರಿಯಲ್ಲಿ ಓದಬಲ್ಲ ಇನ್ನೊಬ್ಬ ಹೆಂಗಸಿಗೆ, ಆವರೆಗೂ ಇದನ್ನೆಲ್ಲ ನೋಡದಿದ್ದವಳಿಗೆ, ಕೊಟ್ಟು ನೋಡಿದೆ. ಅವಳ ಬೆರಳು ಒಂದು ಕಡೆಯೂ ನಿಲ್ಲಲಿಲ್ಲ. ನಾಲ್ಕೂ ಸಾಲು ಇಳಿದು ಕಾಗದದ ಅಂಚಿಗೆ ಹೋಗಿ ಹೊರಗೆ ಬಿತ್ತು. ಕಾಗದ ಕಸಿದುಕೊಂಡು ಕೇಳಿದರೆ ನಾಲ್ಕನ್ನೂ ತನ್ನ ಮಾತಿನಲ್ಲಿ ಹೇಳಿದಳು. ತಂಗಿಗೆ ಮಾತ್ರ ಈ ಕೊನೆಯ ಪ್ರತಿ ತೋರಿಸಲಿಲ್ಲ; ನನ್ನ ಕೈಬರಹ ಅವಳಿಗೆ ಅಕ್ಕನ ಆಟ, ಅಚ್ಚಾಗಿಯೇ ಕೈಸೇರಲಿ ಅಂದುಕೊಂಡೆ. ಆ ದಿನ ಮನ್ಮನೆಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ನಾನು ಯಾರಿಗೂ ಕೇಳದಂತೆ ಹಾಡಿಕೊಳ್ಳುತ್ತಿದ್ದೆ.

ಅಚ್ಚು ಹಾಕಿಸುವುದು ನಮ್ಮ ಊರಿನ ನಿವೃತ್ತರ ಕೂಟ ಎಂದು ಮೊದಲೇ ಮಾತಾಗಿತ್ತು. ಕೂಟದ ಅಧ್ಯಕ್ಷರು ದೂರದ ಊರಿಂದ ಇಲ್ಲಿಗೆ ಬಂದು ನೆಲೆಸಿದವರು, ಆಫೀಸಿನ ಹೆಡ್ ಕ್ಲಾರ್ಕ್ ಆಗಿದ್ದವರು, ಒಳ್ಳೆಯ ಮನುಷ್ಯ. ನನ್ನ ನಾಲ್ಕು ಸಾಲು ನೋಡಿ ಅವರ ಮುಖ ಸಣ್ಣಗಾಯಿತು.

“ಮೇಡಂ, ‘ತಕ್ಕದ್ದು’ ಇಲ್ಲವಲ್ಲ. ‘ತಕ್ಕದ್ದು’ ಇಲ್ಲದೇ ಹೋದ್ರೆ ಜನ ಹೆದರೋದಿಲ್ಲ.”

“ಹೆದರೋದು ಬೇಡ ಸರ್. ಎಣ್ಣೆ ಹಚ್ಚಿದರೆ ಸಾಕು.”

“ಆದರೂ ‘ಸಾರ್ವಜನಿಕರ ಗಮನಕ್ಕೆ’ ಅಂತ ಮೇಲೆ ಒಂದು...”

“ಸರ್, ನನ್ನ ತಂಗಿ ಸಾರ್ವಜನಿಕರಲ್ಲ.”

ಅವರು ನಕ್ಕುಬಿಟ್ಟರು. ಒಂದಕ್ಷರವನ್ನೂ ಬದಲಿಸುವುದಿಲ್ಲ ಎಂದು ಮಾತು ಕೊಟ್ಟರು. ಕೊಟ್ಟ ಮಾತನ್ನು ಉಳಿಸಿಕೊಂಡರು ಕೂಡ. ಅದನ್ನು ನಾನು ಯಾವತ್ತೂ ಇಲ್ಲವೆನ್ನುವುದಿಲ್ಲ.

ಅಚ್ಚಾಗುವ ವಾರ ನನ್ನ ಕಣ್ಣಿನ ಪೊರೆಯ ಆಪರೇಷನ್ ಬಂತು. ಶಿರಸಿಯಲ್ಲಿ ಗೆಳತಿಯ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದೆ. ಏನನ್ನೂ ಓದಬಾರದು ಅಂದಿದ್ದರು. ಪ್ರೆಸ್ಸಿನಿಂದ ಕರಡು ಬಂದಾಗ ಅಧ್ಯಕ್ಷರು ಫೋನಿನಲ್ಲಿ ಓದಿ ಹೇಳಿದರು. ಪ್ರತಿ ಪದ, ಪ್ರತಿ ಚುಕ್ಕೆ ಸರಿಯಾಗಿತ್ತು. “ಅಕ್ಷರ ದಪ್ಪ ಇದೆಯಾ?” ಎಂದು ಕೇಳಿದೆ. “ಭಾರೀ ದಪ್ಪ ಮೇಡಂ. ದೂರದಿಂದ್ಲೇ ಎದ್ದು ಕಾಣುತ್ತೆ,” ಅಂದರು. ಪರ್ಫೆಕ್ಟ್ ಅಂದೆ. ಕರಪತ್ರದ ಕಟ್ಟುಗಳು ಪ್ರೆಸ್ಸಿನಿಂದ ನೇರ ಆಶಾ ಕಾರ್ಯಕರ್ತೆಯರ ಕೈಗೆ ಹೋದವು.

ಸಿದ್ದಾಪುರಕ್ಕೆ ಮರಳಿದ ಮೇಲೆ, ತಂಗಿಯ ಕೇರಿಯ ಮೇಲಿನ ಬೆಟ್ಟದಲ್ಲಿ ಮಂಗ ಸತ್ತಿದೆಯಂತೆ ಎಂಬ ಸುದ್ದಿ ಬಂತು. ಕೂಡಲೇ ಅವಳಿಗೆ ಫೋನ್ ಮಾಡಿದೆ.

“ಕರಪತ್ರ ಬಂತನೇ?”

“ಎಂತ ಕರಪತ್ರ? ಯಾವ್ದೂ ಬೈಂದಿಲ್ಲೆ.”

“ಆಶಾ ತಂದು ಕೊಟ್ಟಿದ್ಲಿಲ್ಯಾ?”

“ಇಲ್ಲೆ ಮಾರಾಯ್ತಿ. ಯಾರದ್ದೋ ಸಾವಿನ ಕಾಗದ ಒಂದು ದಣಪೆಗೆ ಸಿಕ್ಕಿಸಿಕ್ಕಿ ಹೋಗಿತ್ತು, ಅಷ್ಟೇಯ. ಯಾರು ಹೋದ್ರು ಹೇಳಿ ನೋಡಿರೆ ಹೆಸರೇ ಇಲ್ಲೆ.” ಒಮ್ಮೆ ನರಳಿ, “ಆನು ಆಮೇಲೆ ಮಾತಾಡ್ತೆ ಅಕ್ಕಾ. ತಲೆ ಸಿಡಿತಾ ಇದ್ದು,” ಅಂದಳು.

ನಾನು ಕೇಳಿದ್ದು ಕೊನೆಯ ಮಾತನ್ನು ಮಾತ್ರ. ಸಾವಿನ ಕಾಗದದ ಮಾತು ಕಿವಿಯ ಮೇಲೆ ಹಾದುಹೋಯಿತು. ಸಿಕ್ಕ ಬಸ್ಸು ಹತ್ತಿ ಮನ್ಮನೆಗೆ ಬಂದು, ಆಟೋ ಹಿಡಿದು, ಅದು ಇಳಿಸಿದ ಕಡೆಯಿಂದ ಓಡುವಂತೆ ನಡೆದೆ.

ಅವಳ ಮನೆಯ ದಣಪೆಯ ಹತ್ತಿರ, ಬೇಲಿಯ ಅಡ್ಡ ಬಿದಿರು ಸರಿಸಿ ಒಳಗೆ ಕಾಲಿಡುವ ಕಡೆ, ಕಾಗದದ ಚೂರುಗಳು ಬಿದ್ದಿದ್ದವು. ಹೊಸ ಕಣ್ಣು ನನ್ನದು, ಎಲ್ಲ ಅತಿಯಾಗಿ ಸ್ಪಷ್ಟ ಕಾಣುತ್ತಿತ್ತು. ಒಂದು ಚೂರಿನಲ್ಲಿ ‘ಬಿಸಿನೀ’ ಎಂದಿತ್ತು. ಇನ್ನೊಂದರಲ್ಲಿ ‘ಮಂಗ ಸತ್ತ’. ಪ್ರತಿ ಚೂರಿನ ಒಂದು ಬದಿಗೆ ಬೆರಳಗಲದ ಕಪ್ಪು ಪಟ್ಟಿ.

ಎದ್ದು ಕಾಣಲಿ ಎಂದು ನಾಲ್ಕೂ ಕಡೆ ಕರಿ ಅಂಚು ಹಾಕಿದ್ದರು.

ನಮ್ಮ ಕಡೆ ಕರಿ ಅಂಚಿನ ಕಾಗದವನ್ನು ಮನೆಯ ಒಳಗೆ ತರುವುದಿಲ್ಲ. ದಣಪೆಯ ಹತ್ತಿರವೇ ನಿಂತು, ಯಾರು ಹೋದರು, ಹತ್ತಿರದವರೋ, ಸೂತಕ ಉಂಟೋ ಎಂದು ನೋಡಿ, ಅಲ್ಲೇ ಹರಿದು ಹಾಕಿ ಕೈತೊಳೆದು ಒಳಗೆ ಬರುತ್ತಾರೆ. ಇದನ್ನು ಯಾರಿಗೂ ಯಾರೂ ಕಲಿಸುವುದಿಲ್ಲ. ದೂರದ ಊರಿನ ಅಧ್ಯಕ್ಷರಿಗೆ ಅದು ಹೇಗೆ ಗೊತ್ತಿರಬೇಕು? ಫೋನಿನಲ್ಲಿ ನನಗೆ ಪದಗಳು ಕೇಳಿದವು. ಅಂಚಿಗೆ ಸದ್ದಿರಲಿಲ್ಲ. ನೆರೆಮನೆಯ ದಣಪೆಯ ಬುಡದಲ್ಲೂ ಚೂರುಗಳಿದ್ದವು, ಅದರಾಚೆಯ ಮನೆಯಲ್ಲೂ.

ತಂಗಿ ಜಗಲಿಯಲ್ಲಿ ಕಂಬಳಿ ಹೊದ್ದು ಮಲಗಿದ್ದಳು. ಕಣ್ಣು ಕೆಂಡದ ಹಾಗೆ.

“ಇದ್ನ ನೀ ಹರದ್ಯಾ?” ಅಂದೆ, ಚೂರು ಹಿಡಿದುಕೊಂಡು.

“ಕರಿ ಅಂಚಿಂದ ಒಳಗೆ ತರ್ತ್ವನೇ? ಕಾನ್ವೆಂಟಲ್ಲಿ ಅದೂ ಕಲಿಸಿದ್ವಿಲ್ಯಾ?”

“ಎಂತ ಬರದ್ದು ಹೇಳಿ ನೋಡಿದ್ದಿಲ್ಯಾ?”

“ಹೆಸರು ಹುಡುಕ್ದೆ. ಮಂಗ ಸತ್ತ ಹೇಳಿ ಒಂದು ಕಂಡ್ತು.” ಅವಳು ನಗಲು ಹೋದಳು, ತಲೆನೋವಿಗೆ ಮುಖ ಕಿವುಚಿತು. “ಮಂಗಕ್ಕೂ ಸೂತಕ ಹಿಡಿಯವನೇ ಅಕ್ಕಾ?”

ಬೆಟ್ಟಕ್ಕೆ ಹೋಗಿದ್ದಳೇ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ದರಕಿನ ಹೆಡಿಗೆ ತುಂಬಿ ಕೂತಿತ್ತು. ಜ್ವರ ಬಂದು ಎಷ್ಟು ಹೊತ್ತಾಯಿತು ಎಂದು ಕೇಳಿದೆ. “ಮೊನ್ನೆಯಿಂದ. ಕಷಾಯ ಕುಡದ್ದಿ,” ಅಂದಳು. ಮೊನ್ನೆಯಿಂದ. ನಾಲ್ಕನೇ ಸಾಲು ಚೂರಾಗಿ ದಣಪೆಯ ಬುಡದಲ್ಲಿ ಬಿದ್ದಿತ್ತು.

ಅವಳ ಮಗ ಸೊಸೈಟಿಯ ಕೆಲಸ ಬಿಟ್ಟು ಓಡಿಬಂದ. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ತೆಗೆದುಕೊಂಡರು. ಅದೇ ಜ್ವರ ಎಂದು ಗೊತ್ತಾಯಿತು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮಾಡಿದ್ದೇನು ಗೊತ್ತೇ? ಉಳಿದ ಕರಪತ್ರದ ಕಟ್ಟು ತರಿಸಿ, ಕತ್ತರಿಯಲ್ಲಿ ಒಂದೊಂದರ ಕರಿ ಅಂಚನ್ನೂ ಕತ್ತರಿಸುತ್ತ ಕೂತೆ. ಅಧ್ಯಕ್ಷರೂ ಬಂದು ಪಕ್ಕದಲ್ಲಿ ಕೂತರು. “ಮೇಡಂ, ನನಗೆ...” ಎಂದು ಶುರುಮಾಡುವುದು, ನಿಲ್ಲಿಸುವುದು. ಅವರಿಗೂ ಒಂದು ಕತ್ತರಿ ಕೊಟ್ಟೆ. ಕಪ್ಪು ಪಟ್ಟಿಗಳು ನಮ್ಮ ಕಾಲ ಬುಡದಲ್ಲಿ ರಾಶಿ ಬಿದ್ದವು. ಆಶಾ ಅವನ್ನು ಮತ್ತೆ ಕೇರಿಗೆ ಒಯ್ದಳು. ಒಮ್ಮೆ ಸಾವಿನ ಕಾಗದವೆಂದು ಹರಿದದ್ದನ್ನು ಅಂಚು ಕತ್ತರಿಸಿ ತಂದರೂ ಜನ ಕೈಯಲ್ಲಿ ಹಿಡಿಯಲಿಲ್ಲ. “ಅದು ಆ ಕಾಗದವೇ ಅಲ್ಲವಾ,” ಅಂದರಂತೆ.

ಜ್ವರ ಬಿಟ್ಟಿತು. ಅವಳನ್ನು ಮನೆಗೆ ಕಳಿಸಿದರು. ಆ ಕೆಲವು ದಿನ ನಾನು ಅಲ್ಲೇ ಉಳಿದೆ. ಒಂದು ಸಂಜೆ ಗಂಜಿ ಉಂಡು ಗೋಡೆಗೆ ಒರಗಿ ಕೂತವಳು, “ಕೊಡು ನಿನ್ನ ಕಾಗದ, ಓದಿಯೇ ಬಿಡ್ತೆ,” ಅಂದಳು. ಅಂಚು ಕತ್ತರಿಸಿದ ಒಂದನ್ನು ಕೊಟ್ಟೆ. ಬೆರಳಿಟ್ಟು ಓದಿದಳು. ತೆಳ್ಳಗಾದ ಆ ಬೆರಳು ಎಲ್ಲೂ ನಿಲ್ಲದೆ ನಾಲ್ಕು ಸಾಲು ಇಳಿಯಿತು.

“ಇಷ್ಟೇಯನೇ?”

“ಇಷ್ಟೇಯ.”

“ಇಷ್ಟು ಸಸಾರ ಬರೆಯಲೆ ಇಷ್ಟು ವರ್ಷ ಕಲ್ತ್ಯಾ ನೀನು?”

ಅವಳ ಟೀಕೆ ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಗುಣವಾಗಿದ್ದಾಳೆ ಎಂದುಕೊಂಡೆ. ಈ ಜ್ವರ ಒಮ್ಮೆ ಬಿಟ್ಟು ಮತ್ತೆ ಬರಬಹುದು ಎಂದು ಡಾಕ್ಟರ್ ಹುಡುಗಿ ಹೇಳಿದ್ದಳು. ಬರಲಾರದು ಎಂದು ನಾನೇ ನಿರ್ಧರಿಸಿಬಿಟ್ಟಿದ್ದೆ.

ಮತ್ತೆ ಬಂತು. ಈ ಸಲ ಅವಳಿಗೆ ನನ್ನ ಗುರುತು ಒಮ್ಮೆ ಸಿಗುತ್ತಿತ್ತು, ಒಮ್ಮೆ ಸಿಗುತ್ತಿರಲಿಲ್ಲ. ಘಟ್ಟ ಇಳಿಸಿ ದೊಡ್ಡ ಆಸ್ಪತ್ರೆಗೆ ಒಯ್ಯುವಾಗ ಆಂಬುಲೆನ್ಸಿನಲ್ಲಿ ಅವಳ ಕೈ ನನ್ನ ಕೈಯಲ್ಲಿತ್ತು. “ಯನ್ನ ರಿಬ್ಬನ್ ಕೊಡು,” ಅಂದಳು. ಕೊಡ್ತೆ ಕೂಸೇ ಅಂದೆ. ಪ್ಲೀಸ್, ಪ್ಲೀಸ್ ಎಂದು ಯಾರನ್ನು ಬೇಡುತ್ತಿದ್ದೆನೋ ನನಗೇ ಗೊತ್ತಿಲ್ಲ. ಕಾನ್ವೆಂಟಿನ ಪ್ರಾರ್ಥನೆ, ಅಜ್ಜಿಯ ಸ್ತೋತ್ರ ಎಲ್ಲ ಒಂದರೊಳಗೊಂದು ಕಲಸಿ ಬಾಯಿಗೆ ಬರುತ್ತಿತ್ತು. ಅವಳನ್ನು ಜೀವಸಹಿತ ಮನೆಗೆ ತರಲು ನಮಗೆ ಆಗಲಿಲ್ಲ.

ಎಲ್ಲ ಮುಗಿದ ಮೇಲೆ, ಕ್ರಿಯೆಯ ದಿನಗಳ ನಡುವೆ, ಅವಳ ಮಗ ಒಂದು ಹಾಳೆ ಹಿಡಿದು ನನ್ನ ಹತ್ತಿರ ಬಂದ. ತಲೆ ಬೋಳಿಸಿದ್ದ.

“ದೊಡ್ಡಾಯಿ, ಇದ್ನ ಒಂದ್ಸಲ ನೋಡಿಕೊಡು. ಅಚ್ಚಿಗೆ ಕೊಡವು.”

ಕಾಗದದ ಕರಡು. ಬೆರಳಗಲದ ಕರಿ ಅಂಚು. ‘ನಮ್ಮ ಪೂಜ್ಯ ಮಾತೃಶ್ರೀಯವರು ದೈವಾಧೀನರಾಗಿದ್ದು, ಮೃತರ ಆತ್ಮಕ್ಕೆ ಸದ್ಗತಿ ಕೋರಿ ನೆರವೇರಿಸಲಿರುವ ಉತ್ತರಕ್ರಿಯಾದಿಗಳಿಗೆ ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ...’ ಕೆಂಪು ಪೆನ್ನು ತೆಗೆದುಕೊಂಡೆ. ಎಲ್ಲಿ ಇಡುವುದು ಚುಕ್ಕೆಯನ್ನು? ಇಷ್ಟು ಉದ್ದದ ವಾಕ್ಯ, ಇಷ್ಟು ದೊಡ್ಡ ಪದಗಳು. ಆದರೆ ಇದನ್ನು ಓದುವಾಗ ಇಡೀ ಸೀಮೆಯಲ್ಲಿ ಒಬ್ಬರ ಬೆರಳೂ ನಿಲ್ಲುವುದಿಲ್ಲ. ಅಜ್ಜಿಯರ ಕಾಲದಿಂದ ಎಷ್ಟೋ ದಣಪೆಗಳ ಹತ್ತಿರ ನಿಂತು ಓದಿ ಓದಿ ಸವೆದ ದಾರಿ ಅದು. ಮೊದಲಿಂದ ಕೊನೆಯವರೆಗೂ ಓದುತ್ತಾರೆ, ಹೆಸರು, ದಿನ, ಜಾಗ ಯಾವುದನ್ನೂ ಬಿಡುವುದಿಲ್ಲ. ಆಮೇಲೆ ಹರಿಯುತ್ತಾರೆ.

ಪೆನ್ನು ಕೆಳಗಿಟ್ಟೆ.

“ಒಂದಕ್ಷರವೂ ತೆಗೆಯಡ,” ಅಂದೆ. “ಕೆಳಗೆ ಜಾಗ ಇದ್ದಲೇ, ಅಲ್ಲಿ ಅವಳ ನಾಲ್ಕು ಸಾಲು ಹಾಕು.”

ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಬಿಳಿಚಿತು. “ದೊಡ್ಡಾಯಿ, ಆಯಿ ಹೋದ ಕಾಗದದಲ್ಲಿ ಎಣ್ಣೆ ಹಚ್ಚಿ, ಬಟ್ಟೆ ತೊಳೆಯಿರಿ ಹೇಳಿ ಬರೆಯಲಾಗ್ತಾ? ಜನ ಎಂತ ಹೇಳ್ಗು?”

“ಎಂತಾರೂ ಹೇಳ್ಲಿ. ಹೇಳವು ಅಂದ್ರೆ ಓದವಲ್ದಾ?”

“ನಗೆಯಾಡ್ಗು.”

“ಪ್ಲೀಸ್ ಮಗಾ,” ಅಂದೆ. ಅದಕ್ಕಿಂತ ಹೆಚ್ಚಿಗೆ ಹೇಳಲು ನನ್ನ ಹತ್ತಿರ ಯಾವ ಭಾಷೆಯಲ್ಲೂ ಏನೂ ಇರಲಿಲ್ಲ. “ಬೆಟ್ಟಕ್ಕೆ ಹೋಪವು ಇನ್ನೂ ಹೋಗ್ತಾ ಇದ್ದ. ಇವತ್ತೂ ಹೋಯ್ದ.”

ಅವನು ನಾನು ಕೆಳಗಿಟ್ಟ ಪೆನ್ನು ತೆಗೆದುಕೊಂಡು ತಾನೇ ಬರೆದ. ಆ ನಾಲ್ಕು ಸಾಲು ಅವನಿಗೂ ಬಾಯಿಪಾಠವಾಗಿತ್ತು.

ಕಾಗದ ಹಂಚುವ ದಿನ ನಾನು ತಂಗಿಯ ಜಗಲಿಯಲ್ಲಿ ಕೂತಿದ್ದೆ. ಅಲ್ಲಿಂದ ಪಕ್ಕದ ಮನೆಯ ದಣಪೆ ಕಾಣುತ್ತದೆ. ಮಗ ಕೊಟ್ಟು ಮುಂದೆ ಹೋದ ಮೇಲೆ ಆ ಮನೆಯ ಸೊಸೆ ಹೊರಗೇ ನಿಂತು ಓದತೊಡಗಿದಳು. ಬೆಟ್ಟಕ್ಕೆ ಹೊರಟವಳು, ಖಾಲಿ ಹೆಡಿಗೆ ಸೊಂಟದ ಮೇಲಿತ್ತು. ಅದನ್ನು ಕೆಳಗಿಟ್ಟು ಕಾಗದದ ಮೇಲೆ ಬೆರಳಿಟ್ಟಳು. ಬೆರಳು ಸರಿಯುತ್ತ ಹೋಯಿತು. ಮಾತೃಶ್ರೀ ದಾಟಿತು, ದೈವಾಧೀನ ದಾಟಿತು, ಕೆಳಗೆ ಬಂತು. ಅಲ್ಲಿ ನಿಂತಿತು.

ನಾನು ಕೂತಲ್ಲಿಂದಲೇ ಮುಂದಕ್ಕೆ ಬಾಗಿದೆ. ಎಲ್ಲಿ ನಿಂತದ್ದು? ಯಾವ ಪದ ತೊಡಕಾಯಿತು? ಇದನ್ನೇ ಈ ಜಗಲಿಯ ಮೇಲೆ ಅವಳು ಎಷ್ಟು ಸಲ ಓದಿರಲಿಲ್ಲ?

ಬೆರಳು ಮತ್ತೆ ಮೇಲೆ ಹೋಯಿತು, ತಂಗಿಯ ಹೆಸರಿದ್ದ ಕಡೆಗೆ. ಅಲ್ಲಿಂ​ದ ಕೆಳಗೆ ಬಂತು. ಮತ್ತೆ ಮೇಲೆ ಹೋಯಿತು. ತೊಡಕು ಪದದ್ದಾಗಿರಲಿಲ್ಲ.

ಅವಳು ಕಾಗದವನ್ನು ಅಡ್ಡಕ್ಕೆ ಹರಿದಳು, ಉದ್ದಕ್ಕೆ ಹರಿದಳು, ಚೂರುಗಳನ್ನು ಬೇಲಿಯ ಬುಡಕ್ಕೆ ಹಾಕಿದಳು. ಹೆಡಿಗೆ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ನಾನು ಕಣ್ಣು ಮುಚ್ಚಿಕೊಂಡೆ.

“ಅಕ್ಕೋರೇ,” ಎಂದು ದಣಪೆಯ ಆಚೆಯಿಂದಲೇ ಕೂಗಿದಳು. “ನಮ್ಮನೆ ಎಣ್ಣೆ ಬಾಟ್ಲಿ ಖಾಲಿ ಆಗ್ಯದೆ. ನಿಮ್ಮನೆ ಅಮ್ಮಂದು ಉಳ್ದದ್ದು ಉಂಟಾ?”

ತಂಗಿಗೆ ಕೊಟ್ಟಿದ್ದ ಬಾಟಲಿ ಬಚ್ಚಲಿನ ಗೂಡಿನಲ್ಲಿ ಮುಚ್ಚಳ ಸಹ ತೆರೆಯದೆ ಇತ್ತು. ತಂದುಕೊಡಲು ಎದ್ದೆ.